ಕಾಂತಕ್ಷೇತ್ರವೂ ದೇಹದ ಸಮತೋಲವೂ

ಉತ್ತರ ದಿಕ್ಕಿಗೆ ತಲೆಯಿಟ್ಟು ಮಲಗಬಾರದೆಂಬ ಹಿರಿಯರ ಮಾತನ್ನು ಕೇಳದೆ ಬೆಳೆದವರು ನಮ್ಮ ಸೀಮೆಯಲ್ಲಿ ವಿರಳ. ಕಾರಣವೇನೆಂದು ಕೇಳಿದರೆ ಹಳೆಯ ತಲೆಮಾರಿನವರು ಗಣಪತಿಯ ಕಥೆಯನ್ನು ಹೇಳುತ್ತಿದ್ದರು. ಉತ್ತರಕ್ಕೆ ತಲೆಯಿಟ್ಟು ಮಲಗಿದ್ದ ಆನೆಯ ಶಿರಸ್ಸೇ ಅಲ್ಲವೆ ಶಿವಗಣಗಳ ಕೈಗೆ ಸಿಕ್ಕಿದ್ದು! ಈಗಿನ ವಿದ್ಯಾವಂತರು ಆ ಕಥೆಯನ್ನು ಬಿಟ್ಟು ಬೇರೊಂದನ್ನು ಹೇಳುತ್ತಾರೆ: ಭೂಮಿಯು ಒಂದು ದೊಡ್ಡ ಅಯಸ್ಕಾಂತ, ನಮ್ಮ ರಕ್ತದಲ್ಲಿ ಕಬ್ಬಿಣವಿದೆ, ಉತ್ತರಕ್ಕೆ ತಲೆಯಿಟ್ಟರೆ ಆ ಕಬ್ಬಿಣವು ಮಿದುಳಿನ ಕಡೆಗೆ ಸೆಳೆಯಲ್ಪಟ್ಟು ತಲೆಸುತ್ತು ಉಂಟಾಗುತ್ತದೆ. ಮೊದಲನೆಯದನ್ನು ಕಥೆಯೆಂದೇ ತಿಳಿದು ಕೇಳುತ್ತಿದ್ದೆವು. ಎರಡನೆಯದು ವಿಜ್ಞಾನದ ಉಡುಪನ್ನು ತೊಟ್ಟು ಬಂದಿರುವುದರಿಂದ ಅದನ್ನು ಯಾರೂ ಪರೀಕ್ಷಿಸಲು ಹೋಗುವುದಿಲ್ಲ.

ಪರೀಕ್ಷಿಸದೆ ಬಿಟ್ಟುದರ ಫಲವನ್ನು ನಮ್ಮ ಮನೆಯಲ್ಲಿಯೇ ಕಂಡಿದ್ದೇನೆ. ಪಿರಿಯಾಪಟ್ಟಣದ ಹತ್ತಿರದ ಹಳ್ಳಿಯಲ್ಲಿರುವ ನನ್ನ ಸೋದರತ್ತೆಗೆ ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗಲೆಲ್ಲ ಮನೆಯೇ ಗಿರ್ರನೆ ತಿರುಗಿದಂತಾಗುತ್ತಿತ್ತು. ಮಂಚದ ದಿಕ್ಕನ್ನು ಎರಡು ಬಾರಿ ಬದಲಾಯಿಸಿದರು. ಊರಿಗೆ ಬಂದಿದ್ದ ಮಾರಾಟಗಾರನೊಬ್ಬನಿಂದ ಅಯಸ್ಕಾಂತಗಳನ್ನು ಹೊಲಿದಿಟ್ಟ ಹಾಸಿಗೆಯನ್ನು ಕೊಂಡರು. ಅದಕ್ಕೆ ಹೋದ ಹಣ ಒಂದು ಹಸುವಿನ ಬೆಲೆಗೆ ಕಡಮೆಯಿರಲಿಲ್ಲ. ಒಂದು ಮುಂಜಾನೆ ಎದ್ದು ಹೊರಟವರು ಹೊಸ್ತಿಲ ಬಳಿ ಬಿದ್ದು ಮುಂಗೈ ಮೂಳೆಯನ್ನು ಮುರಿದುಕೊಂಡ ಮೇಲೆಯೇ ಅವರನ್ನು ಮೈಸೂರಿಗೆ ಕರೆದೊಯ್ದದ್ದು. ಅಲ್ಲಿ ನಡೆದುದನ್ನು ಲೇಖನದ ಕೊನೆಯಲ್ಲಿ ಹೇಳುತ್ತೇನೆ.

ನಾನು ಚರಿತ್ರೆಯ ಅಧ್ಯಾಪಕ. ಭೌತವಿಜ್ಞಾನವಾಗಲಿ ವೈದ್ಯವಾಗಲಿ ನನ್ನ ವೃತ್ತಿಯಲ್ಲ. ಆದರೆ ಒಂದು ಹೇಳಿಕೆ ಎಲ್ಲಿಂದ ಬಂತು, ಅದಕ್ಕೆ ಆಧಾರವೇನು, ಆ ಆಧಾರ ಎಷ್ಟು ಭಾರವನ್ನು ಹೊರಬಲ್ಲುದು ಎಂದು ವಿಚಾರಿಸುವುದು ಚರಿತ್ರಕಾರನ ನಿತ್ಯದ ಕೆಲಸ. ಕಾಂತಕ್ಷೇತ್ರವು ಮನುಷ್ಯನ ಸಮತೋಲವನ್ನು ಕೆಡಿಸಬಲ್ಲುದೆ ಎಂಬ ಪ್ರಶ್ನೆಯನ್ನು ಅದೇ ದೃಷ್ಟಿಯಿಂದ ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ. ಉತ್ತರವನ್ನು ಮೊದಲೇ ಸೂಚಿಸುವುದಾದರೆ ಅದು ಹೀಗಿದೆ: ಕೆಡಿಸಬಲ್ಲುದು, ನಿಜ, ಆದರೆ ನಮ್ಮ ಜನರು ತಿಳಿದಿರುವ ಕಾರಣದಿಂದಲ್ಲ, ಅವರು ತಿಳಿದಿರುವ ಸ್ಥಳದಲ್ಲಿಯೂ ಅಲ್ಲ.

೧. ಸಮತೋಲದ ಇಂದ್ರಿಯ

ಮನುಷ್ಯನು ಎರಡು ಕಾಲಿನ ಮೇಲೆ ನೆಟ್ಟಗೆ ನಿಲ್ಲುವುದು ಸಾಮಾನ್ಯ ಕಾರ್ಯವೆಂದು ತೋರಿದರೂ ಅದರ ಹಿಂದೆ ಮೂರು ಸಾಕ್ಷಿಗಳ ಸಹಕಾರವಿದೆ. ಕಣ್ಣು ಸುತ್ತಣ ವಸ್ತುಗಳನ್ನು ನೋಡಿ ವರದಿ ಕೊಡುತ್ತದೆ. ಪಾದ, ಕೀಲು, ಮಾಂಸಖಂಡಗಳಲ್ಲಿರುವ ನರಗಳು ದೇಹದ ಭಾರ ಯಾವ ಕಡೆಗಿದೆಯೆಂಬುದನ್ನು ತಿಳಿಸುತ್ತವೆ. ಮೂರನೆಯದು ಒಳಕಿವಿ. ಮಿದುಳು ಈ ಮೂರು ವರದಿಗಳನ್ನೂ ಹೋಲಿಸಿ ತೀರ್ಮಾನಕ್ಕೆ ಬರುತ್ತದೆ. ಮೂವರಲ್ಲಿ ಒಬ್ಬ ಸಾಕ್ಷಿ ಸುಳ್ಳು ಹೇಳಿದರೆ ಉಂಟಾಗುವ ಗೊಂದಲವೇ ತಲೆಸುತ್ತು.

ಕಿವಿಗೂ ಸಮತೋಲಕ್ಕೂ ಇರುವ ಈ ಸಂಬಂಧ ಬಹುಕಾಲ ಯಾರಿಗೂ ತಿಳಿದಿರಲಿಲ್ಲ. ಒಳಕಿವಿಯ ಮೂರು ಅರ್ಧವರ್ತುಲ ನಾಳಗಳೂ ಶಬ್ದವನ್ನು ಕೇಳುವುದಕ್ಕಾಗಿಯೇ ಇವೆಯೆಂದು ವಿದ್ವಾಂಸರು ಭಾವಿಸಿದ್ದರು. ೧೮೨೦ರ ದಶಕದಲ್ಲಿ ಫ್ರಾನ್ಸಿನ ಫ್ಲೂರಾನ್ಸ್ ಎಂಬಾತನು ಪಾರಿವಾಳಗಳಲ್ಲಿ ಈ ನಾಳಗಳನ್ನು ಒಂದೊಂದಾಗಿ ಕತ್ತರಿಸಿ ನೋಡಿದನು. ಹಕ್ಕಿಗೆ ಕಿವುಡು ಬರಲಿಲ್ಲ. ಆದರೆ ಯಾವ ನಾಳ ಕಡಿಯಲ್ಪಟ್ಟಿತೋ ಆ ನಾಳದ ಮಟ್ಟದಲ್ಲಿಯೇ ಅದರ ತಲೆ ಹೊಯ್ದಾಡತೊಡಗಿತು. ೧೮೬೧ರಲ್ಲಿ ಪ್ಯಾರಿಸ್ಸಿನ ವೈದ್ಯ ಮೆನ್ಯೇರ್, ಮಿದುಳಿನ ರೋಗವೆಂದು ಎಲ್ಲರೂ ಎಣಿಸಿದ್ದ ತಲೆಸುತ್ತಿನ ಒಂದು ಬಗೆ ನಿಜವಾಗಿ ಒಳಕಿವಿಯ ರೋಗವೆಂದು ಸಾಧಿಸಿದನು. ೧೮೭೩ರಿಂದ ೧೮೭೫ರ ಅವಧಿಯಲ್ಲಿ ಮಾಖ್, ಬ್ರಾಯರ್, ಕ್ರಮ್ ಬ್ರೌನ್ ಎಂಬ ಮೂವರು ಒಬ್ಬರನ್ನೊಬ್ಬರು ಅವಲಂಬಿಸದೆ ಒಂದೇ ನಿರ್ಣಯವನ್ನು ಮುಟ್ಟಿದರು: ನಾಳಗಳಲ್ಲಿರುವ ದ್ರವದ ಚಲನೆಯೇ ತಲೆಯ ತಿರುಗುವಿಕೆಯನ್ನು ತಿಳಿಸುವ ಸಾಧನ. ಕಿವಿಗೆ ತಣ್ಣೀರನ್ನೂ ಬಿಸಿನೀರನ್ನೂ ಬಿಟ್ಟು ಈ ದ್ರವವನ್ನು ಹೊರಗಿನಿಂದಲೇ ಚಲಿಸುವಂತೆ ಮಾಡಿ ರೋಗನಿದಾನಕ್ಕೆ ದಾರಿ ತೋರಿದ ವಿಯೆನ್ನಾದ ರಾಬರ್ಟ್ ಬಾರಾನಿಗೆ ೧೯೧೪ರ ನೊಬೆಲ್ ಪಾರಿತೋಷಕ ದೊರೆಯಿತು.

ಈ ನಾಳಗಳ ರಚನೆಯನ್ನು ಸ್ಥೂಲವಾಗಿ ತಿಳಿದುಕೊಂಡರೆ ಮುಂದಿನ ವಿಷಯ ಸುಲಭವಾಗುತ್ತದೆ. ತಂಬಿಗೆಯಲ್ಲಿ ನೀರು ತುಂಬಿ ಅದನ್ನು ಥಟ್ಟನೆ ತಿರುಗಿಸಿದರೆ ತಂಬಿಗೆ ತಿರುಗುತ್ತದೆ, ನೀರು ಹಿಂದುಳಿಯುತ್ತದೆ. ಅಂತೆಯೇ ತಲೆ ತಿರುಗಿದಾಗ ನಾಳದ ದ್ರವ ಹಿಂದುಳಿದು, ನಾಳಕ್ಕೆ ಅಡ್ಡಲಾಗಿರುವ ಮೃದುವಾದ ಒಂದು ತೆರೆಯನ್ನು ಬಾಗಿಸುತ್ತದೆ. ಆ ತೆರೆಯೊಳಗೆ ಸೇರಿಕೊಂಡಿರುವ ಸೂಕ್ಷ್ಮ ರೋಮಗಳ ಜೀವಕೋಶಗಳು ಅದನ್ನು ಮಿದುಳಿಗೆ ತಿಳಿಸುತ್ತವೆ. ಕೂಡಲೆ ಕಣ್ಣುಗಳು ತಲೆಯ ವಿರುದ್ಧ ದಿಕ್ಕಿಗೆ ಸರಿದು ನೋಟವನ್ನು ನಿಲ್ಲಿಸುತ್ತವೆ. ಗಿರಗಿರನೆ ಸುತ್ತಿ ನಿಂತ ಮಗುವಿನ ಕಣ್ಣನ್ನು ಗಮನಿಸಿದವರು ಬಲ್ಲರು: ಕಣ್ಣುಗುಡ್ಡೆ ಮೆಲ್ಲಗೆ ಒಂದು ಕಡೆಗೆ ಸರಿದು, ಥಟ್ಟನೆ ಹಿಂದಕ್ಕೆ ಹಾರಿ, ಮತ್ತೆ ಸರಿಯುತ್ತಿರುತ್ತದೆ. ಇದನ್ನು ಈ ಲೇಖನದಲ್ಲಿ ಕಣ್ಣಿನ ಅದಿರಾಟವೆಂದು ಕರೆಯೋಣ. ಒಳಕಿವಿ ಮಿದುಳಿಗೆ 'ತಿರುಗುತ್ತಿದ್ದೇವೆ' ಎಂದು ಹೇಳುತ್ತಿರುವುದಕ್ಕೆ ಹೊರಗಿನವರ ಕಣ್ಣಿಗೆ ಕಾಣುವ ಕುರುಹು ಅದು.

೨. ಒಂದು ನಂಬಿಕೆಯ ಚರಿತ್ರೆ

ಅಯಸ್ಕಾಂತದ ಪರಿಚಯ ನಮ್ಮ ದೇಶಕ್ಕೆ ಪ್ರಾಚೀನವಾದುದು. ದೇಹದಲ್ಲಿ ನಾಟಿಕೊಂಡ ಕಬ್ಬಿಣದ ಚೂರನ್ನು ಹೊರತೆಗೆಯಲು ಸುಶ್ರುತಸಂಹಿತೆಯು ಅದನ್ನು ಸಾಧನವಾಗಿ ಹೇಳುತ್ತದೆ. ಸೂಜಿಯು ಅದರ ಕಡೆಗೆ ಸರಿಯುವುದಕ್ಕೆ ವೈಶೇಷಿಕಸೂತ್ರಗಳು 'ಅದೃಷ್ಟ'ವನ್ನು ಕಾರಣವಾಗಿ ಕೊಡುತ್ತವೆ. ಕಾಳಿದಾಸನು ಕುಮಾರಸಂಭವದಲ್ಲಿ ಶಿವನ ಮನಸ್ಸು ಪಾರ್ವತಿಯ ಕಡೆಗೆ ಸೆಳೆಯಲ್ಪಡಬೇಕಾದುದಕ್ಕೆ ಅದನ್ನು ಉಪಮಾನ ಮಾಡಿದ್ದಾನೆ. ಇನ್ನೊಂದು ಕಡೆ, ವಿಷ್ಣುಪುರಾಣದಂಥ ಗ್ರಂಥಗಳು ಪೂರ್ವಕ್ಕೋ ದಕ್ಷಿಣಕ್ಕೋ ತಲೆಯಿಟ್ಟು ಮಲಗುವುದು ಶ್ರೇಯಸ್ಕರವೆನ್ನುತ್ತವೆ. ಇಲ್ಲಿ ಗಮನಿಸಬೇಕಾದುದು ಒಂದಿದೆ. ಮಲಗುವ ದಿಕ್ಕನ್ನು ವಿಧಿಸುವ ವಿಷ್ಣುಪುರಾಣದ ಆ ಮಾತಿನಲ್ಲಿ ಅಯಸ್ಕಾಂತದ ಪ್ರಸ್ತಾಪವಿಲ್ಲ. ಅಯಸ್ಕಾಂತವನ್ನು ಬಲ್ಲ ಮೇಲಿನ ಮೂರು ಪ್ರಸಂಗಗಳಲ್ಲಿ ಮಲಗುವ ದಿಕ್ಕಿನ ಪ್ರಸ್ತಾಪವಿಲ್ಲ. ಎರಡನ್ನೂ ಒಂದೇ ದಾರದಲ್ಲಿ ಪೋಣಿಸಿದ ಕೈ ಈಚಿನದು.

ಆ ದಾರ ಬಂದದ್ದು ಯೂರೋಪಿನಿಂದ. ೧೭೭೪ರಲ್ಲಿ ವಿಯೆನ್ನಾದಲ್ಲಿ ಮೆಸ್ಮರ್ ಎಂಬ ವೈದ್ಯನು ರೋಗಿಗಳ ಮೈಮೇಲೆ ಅಯಸ್ಕಾಂತಗಳನ್ನಿಟ್ಟು ಚಿಕಿತ್ಸೆಗೆ ತೊಡಗಿದನು. ಕೆಲಕಾಲದಲ್ಲಿಯೇ, ತನ್ನ ದೇಹದಲ್ಲಿಯೇ ಅಂಥ ಶಕ್ತಿಯಿದೆ, ಕಲ್ಲು ಬೇಕಾಗಿಲ್ಲ ಎಂದು ಸಾರಿ ಅದಕ್ಕೆ ಪ್ರಾಣಿಕಾಂತಶಕ್ತಿಯೆಂದು ಹೆಸರಿಟ್ಟನು. ಆತನು ಪ್ಯಾರಿಸ್ಸಿಗೆ ಹೋದ ಮೇಲೆ ಅವನ ಕೊಠಡಿಗಳಲ್ಲಿ ಜನ ನಡುಗುವುದು, ಮೂರ್ಛೆ ಹೋಗುವುದು, ಉರುಳಿ ಬೀಳುವುದು ನಿತ್ಯದ ನೋಟವಾಯಿತು. ೧೭೮೪ರಲ್ಲಿ ಹದಿನಾರನೆಯ ಲೂಯಿ ದೊರೆಯು ಇದನ್ನು ಪರೀಕ್ಷಿಸಲು ಒಂದು ಮಂಡಲಿಯನ್ನು ನೇಮಿಸಿದನು. ಬೆಂಜಮಿನ್ ಫ್ರಾಂಕ್ಲಿನ್, ರಸಾಯನಶಾಸ್ತ್ರಜ್ಞ ಲವಾಸಿಯೆ ಅದರಲ್ಲಿದ್ದರು. ಫ್ರಾಂಕ್ಲಿನ್ನನ ತೋಟದಲ್ಲಿ ಒಂದು ಮರಕ್ಕೆ 'ಕಾಂತಶಕ್ತಿ'ಯನ್ನು ತುಂಬಿಸಿ, ಹನ್ನೆರಡು ವರ್ಷದ ಹುಡುಗನೊಬ್ಬನ ಕಣ್ಣು ಕಟ್ಟಿ ಮರದಿಂದ ಮರಕ್ಕೆ ನಡೆಸಿದರು. ಹುಡುಗನು ಮೂರ್ಛೆ ಹೋದದ್ದು ನಿಜ. ಆದರೆ ಶಕ್ತಿ ತುಂಬದಿದ್ದ ಬೇರೊಂದು ಮರದ ಬುಡದಲ್ಲಿ. ಬೀಳಿಸಿದ್ದು ಮರದ ಶಕ್ತಿಯಲ್ಲ, ಹುಡುಗನ ನಿರೀಕ್ಷೆ ಎಂದು ಮಂಡಲಿಯು ತೀರ್ಮಾನಿಸಿತು. ಆ ಕಣ್ಣುಕಟ್ಟಿದ ಪ್ರಯೋಗದ ಮಹತ್ತ್ವ ದೊಡ್ಡದು. ಯಾವುದು ಕಾರಣ, ಯಾವುದು ಕಲ್ಪನೆ ಎಂಬುದನ್ನು ಬೇರ್ಪಡಿಸಲು ಇಂದಿಗೂ ಅದೇ ಮಾರ್ಗ. ಆದರೂ ಮೆಸ್ಮರನ ಮತ ಸಾಯಲಿಲ್ಲ. ೧೮೪೬ರಲ್ಲಿ ಕಲ್ಕತ್ತೆಯಲ್ಲಿಯೇ ಎಸ್ಡೇಲ್ ಎಂಬ ವೈದ್ಯನಿಗಾಗಿ ಅದರ ಹೆಸರಿನ ಆಸ್ಪತ್ರೆಯೊಂದು ತೆರೆಯಿತು.

೧೮೪೦ರ ದಶಕದಲ್ಲಿ ಜರ್ಮನಿಯ ರೈಖೆನ್‌ಬಾಖ್ ಎಂಬ ರಸಾಯನಶಾಸ್ತ್ರಜ್ಞನು ಇನ್ನೊಂದು ವಾದವನ್ನು ಹೂಡಿದನು. ಸೂಕ್ಷ್ಮಪ್ರಕೃತಿಯವರಿಗೆ ಭೂಮಿಯ ಕಾಂತಪ್ರಭಾವ ಅನುಭವಕ್ಕೆ ಬರುತ್ತದೆಂದೂ, ಅಂಥವರು ಮಲಗಲು ಅತ್ಯಂತ ಹಿತವಾದ ದಿಕ್ಕು ತಲೆಯನ್ನು ಉತ್ತರಕ್ಕೆ ಇಡುವುದೆಂದೂ ಆತನು ಬರೆದನು. ವಾಚಕರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಯೂರೋಪಿನಲ್ಲಿ ಭೂಮಿಯ ಕಾಂತಶಕ್ತಿಯು ಉತ್ತರಕ್ಕೆ ತಲೆಯಿಡಬೇಕೆಂಬುದಕ್ಕೆ ಆಧಾರವಾಯಿತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಇಂಗ್ಲಿಷ್ ವಿದ್ಯೆಯನ್ನು ಪಡೆದ ನಮ್ಮವರಲ್ಲಿ ಕೆಲವರು ಅದೇ ಕಾಂತಶಕ್ತಿಯನ್ನು ಉತ್ತರಕ್ಕೆ ತಲೆಯಿಡಬಾರದೆಂಬುದಕ್ಕೆ ಆಧಾರ ಮಾಡಿದರು. ಒಂದೇ ಸಾಕ್ಷಿಯು ಎರಡು ಪಕ್ಷಕ್ಕೂ ಅನುಕೂಲವಾಗಿ ನುಡಿಯುವುದಾದರೆ, ಆ ಸಾಕ್ಷಿ ಏನನ್ನೂ ಕಂಡಿಲ್ಲವೆಂದು ಚರಿತ್ರಕಾರನು ತಿಳಿಯುತ್ತಾನೆ. ಸಂಪ್ರದಾಯವನ್ನು ಸಂಪ್ರದಾಯವೆಂದು ಪಾಲಿಸುವವರ ಮೇಲೆ ನನ್ನ ಆಕ್ಷೇಪಣೆಯಿಲ್ಲ. ಅದಕ್ಕೆ ಇಲ್ಲದ ಭೌತವಿಜ್ಞಾನವನ್ನು ಆರೋಪಿಸುವುದೇ ಆಕ್ಷೇಪಣೀಯ.

ಶತಮಾನದ ಕೊನೆಗೆ ಪ್ರಯೋಗಶಾಲೆಯ ಉತ್ತರವೂ ಬಂತು. ೧೮೯೨ರಲ್ಲಿ ಅಮೆರಿಕದಲ್ಲಿ ಎಡಿಸನ್ನನ ಪ್ರಯೋಗಶಾಲೆಯಲ್ಲಿ ಪೀಟರ್ಸನ್ ಎಂಬ ವೈದ್ಯನೂ ಕೆನೆಲಿ ಎಂಬ ವಿದ್ಯುತ್ ತಜ್ಞನೂ ಕೂಡಿ ಆ ಕಾಲದ ಅತಿ ಪ್ರಬಲವಾದ ವಿದ್ಯುತ್ಕಾಂತಗಳ ನಡುವೆ ರಕ್ತವನ್ನೂ, ಒಂದು ನಾಯಿಯನ್ನೂ, ಕಡೆಗೆ ಮನುಷ್ಯರನ್ನೂ ಇಟ್ಟು ನೋಡಿದರು. ರಕ್ತದ ಕಬ್ಬಿಣ ಕದಲಲಿಲ್ಲ. ನಾಯಿಗೆ ಏನೂ ಆಗಲಿಲ್ಲ. ಮನುಷ್ಯರಿಗೆ ಏನೂ ಅನಿಸಲಿಲ್ಲ. ಅಂದು ತಿಳಿದಿದ್ದ ಅಯಸ್ಕಾಂತಗಳಿಂದ ಮನುಷ್ಯದೇಹಕ್ಕೆ ಗೊತ್ತಾಗುವಂಥ ಪರಿಣಾಮ ಯಾವುದೂ ಇಲ್ಲವೆಂಬುದು ಅವರ ನಿರ್ಣಯ. ಪ್ರಶ್ನೆ ಅಲ್ಲಿಗೆ ಮುಗಿಯಿತೆಂದೇ ತೋರಿತು.

೩. ಸೂಜಿ ತಿರುಗುವ ನೆಲದಲ್ಲಿ

ನಮ್ಮ ಸುತ್ತಣ ಕಾಂತಕ್ಷೇತ್ರ ಎಷ್ಟು ಪ್ರಬಲವಾದುದೆಂಬುದನ್ನು ಅಳತೆಯಲ್ಲಿ ನೋಡೋಣ. ಕಾಂತಕ್ಷೇತ್ರವನ್ನು ಅಳೆಯುವ ಮಾನಕ್ಕೆ ಟೆಸ್ಲಾ ಎಂದು ಹೆಸರು. ಮೈಸೂರಿನ ಸುತ್ತಮುತ್ತ ಭೂಮಿಯ ಕ್ಷೇತ್ರವು ಒಂದು ಟೆಸ್ಲಾವನ್ನು ಹತ್ತು ಲಕ್ಷ ಭಾಗ ಮಾಡಿದರೆ ಅದರಲ್ಲಿ ಸುಮಾರು ೪೦ ಭಾಗದಷ್ಟು ಮಾತ್ರ. ಸೂಜಿಮೊನೆಯ ಮೇಲೆ ಸಮತೂಕವಾಗಿ ನಿಲ್ಲಿಸಿದ ಹಗುರವಾದ ಕಾಂತಸೂಜಿಯನ್ನು ತಿರುಗಿಸುವುದಕ್ಕೆ ಅಷ್ಟು ಸಾಕು.

ಹೆಗ್ಗಡದೇವನಕೋಟೆಯ ಕಡೆಯ ಸರಗೂರಿನ ಹೆಸರು ಭೂವಿಜ್ಞಾನಿಗಳಿಗೆ ಚಿರಪರಿಚಿತವಾದುದು. ಸುಮಾರು ಮುನ್ನೂರು ಕೋಟಿ ವರ್ಷಕ್ಕೂ ಹಳೆಯದಾದ ಒಂದು ಶಿಲಾಸಮೂಹಕ್ಕೆ ಆ ಊರಿನ ಹೆಸರೇ ಇದೆ. ಆ ಶಿಲೆಗಳಲ್ಲಿ ಮ್ಯಾಗ್ನೆಟೈಟ್ ಎಂಬ ಕಾಂತಗುಣದ ಕಬ್ಬಿಣದ ಅದುರು ಪಟ್ಟೆಪಟ್ಟೆಯಾಗಿ ಸೇರಿದೆ. ಅಂಥ ಬಂಡೆಯ ಬಳಿ ದಿಕ್ಸೂಚಿಯನ್ನು ಹಿಡಿದರೆ ಸೂಜಿಯು ಉತ್ತರವನ್ನು ಬಿಟ್ಟು ಓರೆಯಾಗಬಹುದು. ಆದರೆ ಅದೇ ಬಂಡೆಯ ಮೇಲೆ ದನ ಕಾಯುವ ಹುಡುಗನು ತೂಗಾಡುವುದಿಲ್ಲ. ಸೌದೆಯ ಹೊರೆಯನ್ನು ಹೊತ್ತ ಹೆಂಗಸು ಹೆಜ್ಜೆ ತಪ್ಪುವುದಿಲ್ಲ. ಸೂಜಿ ತಿರುಗುತ್ತದೆ, ಮನುಷ್ಯ ತಿರುಗುವುದಿಲ್ಲ. ಏಕೆ?

ರಕ್ತದಲ್ಲಿ ಕಬ್ಬಿಣವಿರುವುದು ಸುಳ್ಳಲ್ಲ. ವಯಸ್ಕನ ಇಡೀ ದೇಹದಲ್ಲಿ ಮೂರು ನಾಲ್ಕು ಗ್ರಾಂ ಕಬ್ಬಿಣವಿದೆ; ಅದರ ಬಹುಭಾಗ ರಕ್ತದ ಹಿಮೋಗ್ಲೋಬಿನ್ನಿನಲ್ಲಿದೆ. ಆದರೆ ಅದು ಮೊಳೆಯಲ್ಲಿರುವ ಕಬ್ಬಿಣದಂತೆ ಲೋಹರೂಪದಲ್ಲಿಲ್ಲ. ಒಂದೊಂದು ಪರಮಾಣುವೂ ದೊಡ್ಡದೊಂದು ಅಣುವಿನ ನಡುವೆ ಪ್ರತ್ಯೇಕವಾಗಿ ಬಂಧಿತವಾಗಿದೆ. ೧೯೩೬ರಲ್ಲಿ ಪೌಲಿಂಗ್ ಮತ್ತು ಕೊರಿಯೆಲ್ ಎಂಬ ವಿಜ್ಞಾನಿಗಳು ಇದನ್ನು ಅಳೆದು, ಆಮ್ಲಜನಕವನ್ನು ಹೊತ್ತ ರಕ್ತವು ಅಯಸ್ಕಾಂತದಿಂದ ಅತ್ಯಲ್ಪವಾಗಿ ದೂರ ತಳ್ಳಲ್ಪಡುತ್ತದೆಂದೂ, ಆಮ್ಲಜನಕವನ್ನು ಕಳೆದುಕೊಂಡ ಹಿಮೋಗ್ಲೋಬಿನ್ ಮಾತ್ರ ಅತ್ಯಲ್ಪವಾಗಿ ಸೆಳೆಯಲ್ಪಡುತ್ತದೆಂದೂ ತೋರಿಸಿದರು. ಹೃದಯದ ಒತ್ತಡದ ಮುಂದೆ ಭೂಮಿಯ ಕ್ಷೇತ್ರದಿಂದ ಬರುವ ಈ ಸೆಳೆತ ಲೆಕ್ಕಕ್ಕೇ ಬರುವುದಿಲ್ಲ. ಮೇಲಾಗಿ, ಉತ್ತರಕ್ಕೆ ಮಲಗಿದರೂ ದಕ್ಷಿಣಕ್ಕೆ ಮಲಗಿದರೂ ನಮ್ಮನ್ನು ಆವರಿಸಿರುವ ಕ್ಷೇತ್ರ ಒಂದೇ. ಹಗಲೆಲ್ಲ ಎಂಟು ದಿಕ್ಕಿಗೂ ತಿರುಗಿ ನಡೆದವನನ್ನು ಬೀಳಿಸದ ಶಕ್ತಿ, ರಾತ್ರಿ ಮಲಗಿದವನ ತಲೆಯನ್ನು ಹುಡುಕಿ ಬರುವುದೆಂದರೆ ಒಪ್ಪುವುದು ಹೇಗೆ?

೪. ಯಂತ್ರದೊಳಗಣ ತಲೆಸುತ್ತು

ಇಷ್ಟಕ್ಕೇ ಲೇಖನವನ್ನು ಮುಗಿಸಿದರೆ ಅರ್ಧ ಸತ್ಯವನ್ನು ಹೇಳಿದಂತಾಗುತ್ತದೆ. ೧೯೮೦ರ ದಶಕದಿಂದೀಚೆಗೆ ಆಸ್ಪತ್ರೆಗಳಲ್ಲಿ ಎಂ.ಆರ್.ಐ. ಯಂತ್ರಗಳು ಬಳಕೆಗೆ ಬಂದವು. ದೇಹವನ್ನು ಕೊಯ್ಯದೆ ಒಳಗಿನ ಚಿತ್ರವನ್ನು ತೆಗೆಯುವ ಈ ಯಂತ್ರದ ಜೀವಾಳವೇ ಒಂದು ಮಹಾ ಅಯಸ್ಕಾಂತ. ಪಿರಿಯಾಪಟ್ಟಣದಿಂದ ಸುಮಾರು ೭೦ ಕಿಲೋಮೀಟರು ದೂರದ ಮೈಸೂರಿಗೆ ಈ ಪರೀಕ್ಷೆಗಾಗಿ ಹೋಗಿ ಬಂದವರು ಈಗ ಪ್ರತಿ ಊರಿನಲ್ಲಿಯೂ ಸಿಗುತ್ತಾರೆ. ಒಳಗೆ ಹೋಗುವ ಮುನ್ನ ಕೈಗಡಿಯಾರ, ತಾಳಿ, ಕಾಲುಂಗುರ, ಸೀರೆಯ ಪಿನ್ನುಗಳನ್ನು ಕಳಚಿಡಲು ಹೇಳುವುದೂ ಅವರಿಗೆ ಗೊತ್ತು. ಸಾಮಾನ್ಯ ಯಂತ್ರದ ಬಲ ೧.೫ ಟೆಸ್ಲಾ, ಅಂದರೆ ನಮ್ಮ ನೆಲದ ಕ್ಷೇತ್ರದ ಸುಮಾರು ೩೭,೫೦೦ ಪಟ್ಟು. ೩ ಟೆಸ್ಲಾ ಯಂತ್ರಗಳೂ ಬಳಕೆಯಲ್ಲಿವೆ. ಸಂಶೋಧನೆಗಾಗಿ ನಿರ್ಮಿತವಾದ ೭ ಟೆಸ್ಲಾ ಯಂತ್ರದ ಬಲ ಸುಮಾರು ೧,೭೫,೦೦೦ ಪಟ್ಟು.

ಇಂಥ ಪ್ರಬಲ ಯಂತ್ರಗಳ ಹತ್ತಿರ ಕೆಲಸ ಮಾಡುವವರಲ್ಲಿ ಕೆಲವರು ತಲೆ ತಿರುಗುತ್ತದೆಂದು ಹೇಳತೊಡಗಿದರು. ೧೯೯೨ರಲ್ಲಿ ಶೆಂಕ್ ಮತ್ತು ಸಂಗಡಿಗರು ೪ ಟೆಸ್ಲಾ ಯಂತ್ರದೊಳಗೆ ಸ್ವಯಂಸೇವಕರನ್ನು ಮಲಗಿಸಿ, ತಲೆಸುತ್ತು, ಓಕರಿಕೆ, ಬಾಯಲ್ಲಿ ಲೋಹದ ರುಚಿ ಇವು ನಿಜವಾಗಿ ಉಂಟಾಗುತ್ತವೆಂದು ದಾಖಲೆ ಮಾಡಿದರು. ಎಡಿಸನ್ನನ ಪ್ರಯೋಗಶಾಲೆಯ ನಿರ್ಣಯ ಸುಳ್ಳಾಗಲಿಲ್ಲ. ಆ ಕಾಲದ ಅಯಸ್ಕಾಂತಗಳ ಎಲ್ಲೆಯಾಚೆ ಹೊಸ ಪ್ರದೇಶವೊಂದು ಕಂಡಿತು.

ಆದರೆ ಕಾರಣವೇನು? ಚಲಿಸುವ ದೇಹವು ಪ್ರಬಲ ಕಾಂತಕ್ಷೇತ್ರವನ್ನು ಹಾಯ್ದಾಗ ದೇಹದೊಳಗೆ ವಿದ್ಯುತ್ ಪ್ರೇರಿತವಾಗುವುದರಿಂದ ಹೀಗಾಗುತ್ತದೆಂದು ಬಹುಮಂದಿ ಊಹಿಸಿದ್ದರು. ೨೦೧೧ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದ ಡೇಲ್ ರಾಬರ್ಟ್ಸ್, ಡೇವಿಡ್ ಝೀ ಮೊದಲಾದವರು ಪ್ರಕಟಿಸಿದ ಪ್ರಯೋಗವು ಈ ಪ್ರಶ್ನೆಗೆ ಉತ್ತರ ಕೊಟ್ಟಿತು. ಅದರ ಕ್ರಮ ಸರಳವಾಗಿದ್ದು, ಸಾಕ್ಷ್ಯವಿಚಾರಣೆಗೆ ಒಂದು ಮಾದರಿಯಂತಿದೆ. ಆರೋಗ್ಯವಂತರನ್ನು ೭ ಟೆಸ್ಲಾ ಯಂತ್ರದೊಳಗೆ ಕತ್ತಲೆಯಲ್ಲಿ ಮಲಗಿಸಿ, ಕಣ್ಣಿಗೆ ಕಾಣದ ಅವರೋಹಿತ ಬೆಳಕಿನ ಕ್ಯಾಮರಾದಿಂದ ಕಣ್ಣುಗಳನ್ನು ಗಮನಿಸಿದರು. ಕತ್ತಲೆ ಬೇಕಾದುದೇಕೆಂದರೆ, ನೋಡಲು ಒಂದು ಗುರುತು ಸಿಕ್ಕಿದರೂ ಸಾಕು, ಕಣ್ಣು ಅದಕ್ಕೆ ಕಚ್ಚಿಕೊಂಡು ಅದಿರಾಟವನ್ನು ಅಡಗಿಸಿಬಿಡುತ್ತದೆ. ಚಿತ್ರ ತೆಗೆಯುವ ಯಾವ ಕಾರ್ಯವೂ ನಡೆಯುತ್ತಿರಲಿಲ್ಲ. ಅಯಸ್ಕಾಂತ ಸುಮ್ಮನೆ ಇತ್ತು, ಮನುಷ್ಯ ಸುಮ್ಮನೆ ಮಲಗಿದ್ದನು. ಆದರೂ ಅವರೆಲ್ಲರಲ್ಲಿಯೂ ಕಣ್ಣಿನ ಅದಿರಾಟ ಕಂಡಿತು.

ಆ ಪ್ರಯೋಗದಿಂದ ದೊರೆತ ಸಾಕ್ಷ್ಯಗಳಲ್ಲಿ ನಾಲ್ಕು ಮುಖ್ಯವಾದುವು. ಮೊದಲನೆಯದಾಗಿ, ಅಲುಗಾಡದೆ ಮಲಗಿದ್ದಷ್ಟು ಹೊತ್ತೂ ಅದಿರಾಟ ನಡೆದೇ ಇತ್ತು; ಆದುದರಿಂದ ಚಲನೆಯಿಂದ ಪ್ರೇರಿತವಾದ ವಿದ್ಯುತ್ತು ಅದಕ್ಕೆ ಕಾರಣವಲ್ಲ. ಎರಡನೆಯದಾಗಿ, ಎರಡು ಒಳಕಿವಿಗಳ ಸಮತೋಲ ಶಕ್ತಿಯನ್ನೂ ಕಳೆದುಕೊಂಡಿದ್ದ ಇಬ್ಬರು ರೋಗಿಗಳಲ್ಲಿ ಅದಿರಾಟ ಕಾಣಲಿಲ್ಲ. ಆದುದರಿಂದ ಕಾರ್ಯಸ್ಥಾನ ಮಿದುಳಾಗಲಿ ಕಣ್ಣಾಗಲಿ ಅಲ್ಲ, ಒಳಕಿವಿ. ಮೂರನೆಯದಾಗಿ, ೩ ಟೆಸ್ಲಾ ಯಂತ್ರದಲ್ಲಿ ಪರಿಣಾಮ ಕಡಮೆಯಾಗಿತ್ತು. ಕ್ಷೇತ್ರ ಹೆಚ್ಚಿದಂತೆ ಅದೂ ಹೆಚ್ಚುತ್ತದೆ. ನಾಲ್ಕನೆಯದು ಎಲ್ಲಕ್ಕಿಂತ ನಿರ್ಣಾಯಕವಾದುದು. ವ್ಯಕ್ತಿಯನ್ನು ಯಂತ್ರದ ಇನ್ನೊಂದು ತುದಿಯಿಂದ ಒಳಕ್ಕೆ ಸೇರಿಸಿದಾಗ, ಅಂದರೆ ಆತನ ಪಾಲಿಗೆ ಕ್ಷೇತ್ರದ ದಿಕ್ಕು ತಿರುಗುಮುರುಗಾದಾಗ, ಅದಿರಾಟದ ದಿಕ್ಕೂ ತಿರುಗುಮುರುಗಾಯಿತು.

ಈ ನಾಲ್ಕನೆಯ ಸಾಕ್ಷ್ಯವು ರಕ್ತದ ಕಬ್ಬಿಣದ ವಾದವನ್ನು ಬುಡಸಹಿತ ಕೀಳುತ್ತದೆ. ಮೊಳೆಯೊಂದನ್ನು ಅಯಸ್ಕಾಂತದ ಉತ್ತರ ತುದಿಗೆ ಹಿಡಿದರೂ ದಕ್ಷಿಣ ತುದಿಗೆ ಹಿಡಿದರೂ ಅದು ಅಂಟಿಕೊಳ್ಳುತ್ತದೆಯೇ ಹೊರತು ಒಂದಕ್ಕೆ ಅಂಟಿ ಇನ್ನೊಂದರಿಂದ ಓಡುವುದಿಲ್ಲ. ತಲೆಸುತ್ತಿಗೆ ಕಾರಣ ಕಬ್ಬಿಣದ ಸೆಳೆತವಾಗಿದ್ದರೆ, ಕ್ಷೇತ್ರವನ್ನು ತಿರುಗಿಸಿದಾಗ ಅದಿರಾಟದ ದಿಕ್ಕು ಬದಲಾಗಬಾರದಿತ್ತು.

ಹಾಗಾದರೆ ದ್ರವವನ್ನು ತಳ್ಳುವ ಶಕ್ತಿ ಯಾವುದು? ಹೊಲದ ಪಂಪ್‌ಸೆಟ್ಟಿನ ಮೋಟಾರನ್ನು ತಿರುಗಿಸುವ ಶಕ್ತಿಯೇ. ವಿದ್ಯುತ್ ಹರಿಯುತ್ತಿರುವ ತಂತಿಯನ್ನು ಕಾಂತಕ್ಷೇತ್ರದಲ್ಲಿ ಅಡ್ಡಲಾಗಿಟ್ಟರೆ, ವಿದ್ಯುತ್ತಿಗೂ ಕ್ಷೇತ್ರಕ್ಕೂ ಲಂಬವಾದ ದಿಕ್ಕಿನಲ್ಲಿ ತಂತಿ ತಳ್ಳಲ್ಪಡುತ್ತದೆ. ಇದನ್ನು ಡಚ್ ವಿಜ್ಞಾನಿಯ ಹೆಸರಿನಿಂದ ಲೊರೆಂಟ್ಸ್ ಬಲವೆನ್ನುತ್ತಾರೆ. ಒಳಕಿವಿಯಲ್ಲಿ ತಂತಿಯಿಲ್ಲ, ಆದರೆ ಅಲ್ಲಿಯ ದ್ರವದ ಮೂಲಕ ವಿದ್ಯುದಂಶವುಳ್ಳ ಪೊಟ್ಯಾಸಿಯಂ ಕಣಗಳು ರೋಮಕೋಶಗಳ ಕಡೆಗೆ ಸದಾ ಹರಿಯುತ್ತಿರುತ್ತವೆ. ಆ ಕೋಶಗಳು ಕೆಲಸ ಮಾಡುವುದೇ ಈ ಹರಿವಿನಿಂದ. ಪ್ರಬಲ ಕ್ಷೇತ್ರವು ಈ ಹರಿವಿನ ಮೇಲೆ ಬಲ ಹಾಕಿದಾಗ ದ್ರವವೇ ಒತ್ತಲ್ಪಟ್ಟು ನಾಳದ ತೆರೆ ಬಾಗುತ್ತದೆ. ತಲೆ ತಿರುಗದಿದ್ದರೂ 'ತಿರುಗುತ್ತಿದೆ' ಎಂಬ ವರದಿ ಮಿದುಳಿಗೆ ಹೋಗುತ್ತದೆ.

ಮಿದುಳೇನೂ ಈ ಸುಳ್ಳನ್ನು ಬಹಳ ಹೊತ್ತು ನಂಬುವುದಿಲ್ಲ. ಯಂತ್ರದೊಳಗೆ ಮಲಗಿದವರಿಗೆ ತಿರುಗಿದಂತೆ ಅನಿಸುವುದು ಕೆಲವು ನಿಮಿಷಗಳಲ್ಲಿ ಕಡಮೆಯಾಗುತ್ತದೆ. ೨೦೧೬ರಲ್ಲಿ ಅದೇ ಸಂಶೋಧಕರ ಬಳಗವು ತೊಂಬತ್ತು ನಿಮಿಷಗಳ ಕಾಲ ಜನರನ್ನು ಒಳಗಿಟ್ಟು ನೋಡಿದಾಗ, ಕಣ್ಣಿನ ಅದಿರಾಟವೂ ಹಂತಹಂತವಾಗಿ ಇಳಿಯುವುದು ಕಂಡುಬಂತು. ಆದರೆ ಹೊರಗೆ ಬಂದೊಡನೆ ವಿರುದ್ಧ ದಿಕ್ಕಿನಲ್ಲಿ ಅದಿರಾಟ ಕಾಣಿಸುತ್ತದೆ. ಮಿದುಳು ಹೊಂದಿಸಿಕೊಂಡ ಲೆಕ್ಕವನ್ನು ಮತ್ತೆ ಹಿಂದಕ್ಕೆ ತಿರುಗಿಸಲು ಕಾಲ ಬೇಕು. ಪರೀಕ್ಷೆ ಮುಗಿದೊಡನೆ ಧಡಕ್ಕನೆ ಎದ್ದು ನಡೆಯದೆ, ಸ್ವಲ್ಪ ಹೊತ್ತು ಕುಳಿತಿದ್ದು ಏಳುವುದು ಒಳಿತೆಂಬ ಸಲಹೆ, ಮುಖ್ಯವಾಗಿ ವೃದ್ಧರಿಗೆ, ಇದರಿಂದ ಅರ್ಥಪೂರ್ಣವಾಗುತ್ತದೆ. ಇದು ರೋಗವಲ್ಲ, ಯಂತ್ರಕ್ಕೆ ಹೆದರಿ ಅಗತ್ಯವಾದ ಪರೀಕ್ಷೆಯನ್ನು ಬಿಡಬೇಕಾದ ಕಾರಣವೂ ಇಲ್ಲ.

ಲೊರೆಂಟ್ಸ್ ಬಲವು ಕ್ಷೇತ್ರದ ಪ್ರಮಾಣಕ್ಕೆ ಅನುಗುಣವಾದುದು. ೭ ಟೆಸ್ಲಾದಲ್ಲಿ ಕತ್ತಲೆ ಮಾಡಿ ಕ್ಯಾಮರಾ ಇಟ್ಟು ಗುರುತಿಸಬೇಕಾದ ಪರಿಣಾಮವನ್ನು ಒಂದು ಲಕ್ಷದ ಎಪ್ಪತ್ತೈದು ಸಾವಿರ ಭಾಗ ಮಾಡಿ, ಅದರಲ್ಲಿ ಒಂದು ಭಾಗವನ್ನು ಊಹಿಸಿಕೊಳ್ಳಿ. ನಮ್ಮ ನೆಲದ ಕ್ಷೇತ್ರ ಒಳಕಿವಿಯ ಮೇಲೆ ಹಾಕುವ ಬಲ ಅಷ್ಟು. ಹಾಸಿಗೆಯಲ್ಲಿ ಹೊಲಿದ ಅಯಸ್ಕಾಂತದ ಬಿಲ್ಲೆಯ ಬಲವೂ ಬಿಲ್ಲೆಯಿಂದ ಕೆಲವು ಅಂಗುಲ ದೂರ ಹೋದರೆ ಇಳಿದುಹೋಗುತ್ತದೆ. ಅದರಿಂದ ಸಮತೋಲ ಕೆಡುವುದೂ ಇಲ್ಲ, ಕೆಟ್ಟ ಸಮತೋಲ ಸರಿಹೋಗುವುದೂ ಇಲ್ಲ.

ನ್ಯಾಯವಾಗಿ ಇನ್ನೊಂದು ಮಾತನ್ನು ಸೇರಿಸಬೇಕು. ೨೦೧೯ರಲ್ಲಿ ಕ್ಯಾಲಿಫೋರ್ನಿಯದ ಕಿರ್ಶ್‌ವಿಂಕ್ ಮತ್ತು ಸಂಗಡಿಗರು, ಭೂಮಿಯ ಕ್ಷೇತ್ರದಷ್ಟೇ ಬಲವುಳ್ಳ ಕ್ಷೇತ್ರವನ್ನು ತಲೆಯ ಸುತ್ತ ತಿರುಗಿಸಿದಾಗ ೩೪ ಮಂದಿಯಲ್ಲಿ ಕೆಲವರ ಮಿದುಳಿನ ವಿದ್ಯುತ್ ತರಂಗಗಳಲ್ಲಿ ಬದಲಾವಣೆ ಕಂಡಿತೆಂದು ವರದಿ ಮಾಡಿದರು. ಆದರೆ ಕ್ಷೇತ್ರ ತಿರುಗಿದುದು ಅವರ ಅರಿವಿಗೆ ಬರಲಿಲ್ಲ. ಸಮತೋಲ ಕೆಟ್ಟಿತೆಂದು ಆ ವರದಿ ಹೇಳುವುದೂ ಇಲ್ಲ. ಮುಂದಿನ ಸಂಶೋಧನೆಗೆ ಅದು ಒಂದು ಬಾಗಿಲು. ಹಾಸಿಗೆ ಮಾರುವವರಿಗೆ ಅದು ಪ್ರಮಾಣಪತ್ರವಲ್ಲ.

೫. ನಮ್ಮ ತಾಲ್ಲೂಕುಗಳ ತಲೆಸುತ್ತು

ಈ ವಿವೇಚನೆಯಿಂದ ನಮಗೇನು ಪ್ರಯೋಜನ? ತಲೆಸುತ್ತಿಗೆ ಸುಳ್ಳು ಕಾರಣವೊಂದು ಕೈಗೆ ಸಿಕ್ಕರೆ ನಿಜವಾದ ಕಾರಣವನ್ನು ಹುಡುಕುವುದು ನಿಲ್ಲುತ್ತದೆ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಇವು ಹೊಗೆಸೊಪ್ಪಿನ ಸೀಮೆ. ಮಳೆಗಾಲದಲ್ಲಿ ಒದ್ದೆಯಾದ ಹಸಿ ಸೊಪ್ಪನ್ನು ಮುರಿದು ಕಂಕುಳ ತುಂಬ ಹೊತ್ತು ತರುವವರಿಗೆ ಚರ್ಮದ ಮೂಲಕವೇ ನಿಕೋಟಿನ್ ದೇಹಕ್ಕೆ ಇಳಿದು ತಲೆಸುತ್ತು, ಓಕರಿಕೆ, ವಾಂತಿ ಬರುತ್ತವೆ. ಹಸಿ ತಂಬಾಕಿನ ಈ ಕಾಯಿಲೆಯನ್ನು ೧೯೭೦ರಲ್ಲಿಯೇ ಅಮೆರಿಕದ ವೈದ್ಯರು ವರ್ಣಿಸಿದ್ದಾರೆ. ಮೈ ಒದ್ದೆಯಾಗದಂತೆ ಹೊದಿಕೆ, ಕೈಚೀಲ, ಕೆಲಸವಾದೊಡನೆ ಸಾಬೂನಿನ ಸ್ನಾನ, ಒದ್ದೆ ಬಟ್ಟೆಯನ್ನು ಬದಲಿಸುವುದು, ಇವೇ ಅದಕ್ಕೆ ರಕ್ಷಣೆ. ಇದಲ್ಲದೆ ರಕ್ತಹೀನತೆ, ರಕ್ತದ ಒತ್ತಡದ ಏರುಪೇರು, ಕೆಲವು ಔಷಧಿಗಳು, ಒಳಕಿವಿಯ ರೋಗಗಳು ಹೀಗೆ ಕಾರಣಗಳು ಹಲವು. ಮಾತು ತೊದಲುವುದು, ಒಂದು ಕಡೆಯ ಕೈಕಾಲು ಸೋಲುವುದು, ಎರಡೆರಡಾಗಿ ಕಾಣುವುದು ತಲೆಸುತ್ತಿನೊಡನೆ ಬಂದರೆ ಒಂದು ಗಂಟೆಯನ್ನೂ ಕಳೆಯದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ನಮ್ಮ ಅತ್ತೆಯ ತಲೆಸುತ್ತಿಗೆ ಕಾರಣ ಒಳಕಿವಿಯಲ್ಲಿಯೇ ಇತ್ತು. ಅಲ್ಲಿಯ ಒಂದು ಚೀಲದಲ್ಲಿರಬೇಕಾದ ಸುಣ್ಣದ ಸೂಕ್ಷ್ಮ ಹರಳುಗಳು ಜಾರಿ ಅರ್ಧವರ್ತುಲ ನಾಳಕ್ಕೆ ಬಿದ್ದಿದ್ದವು. ಮಗ್ಗುಲಾದಾಗ ಹರಳು ಉರುಳಿ ದ್ರವವನ್ನು ಕದಡುತ್ತಿತ್ತು. ವೈದ್ಯರು ಅವರನ್ನು ಮಲಗಿಸಿ, ಕತ್ತನ್ನು ಒಂದು ಕಡೆಗೆ ತಿರುಗಿಸಿ, ಕಣ್ಣನ್ನು ನೋಡಿದರು; ಮೇಲೆ ವರ್ಣಿಸಿದ ಅದಿರಾಟವೇ ಅಲ್ಲಿಯೂ ಸಾಕ್ಷಿ ನುಡಿಯಿತು. ೧೯೫೨ರಲ್ಲಿ ಡಿಕ್ಸ್ ಮತ್ತು ಹಾಲ್‌ಪೈಕ್ ವರ್ಣಿಸಿದ ಪರೀಕ್ಷೆ ಇದು. ಆಮೇಲೆ ಎಪ್ಲಿ ಎಂಬ ವೈದ್ಯನ ಹೆಸರಿನ ಕ್ರಮದಲ್ಲಿ ತಲೆಯನ್ನು ಒಂದಾದ ಮೇಲೊಂದು ನಿಲುವಿಗೆ ತಿರುಗಿಸಿ ಹರಳುಗಳನ್ನು ಸ್ವಸ್ಥಾನಕ್ಕೆ ಉರುಳಿಸಿದರು. ಹತ್ತು ನಿಮಿಷವೂ ಹಿಡಿಯಲಿಲ್ಲ, ಔಷಧಿಯೂ ಬೇಕಾಗಲಿಲ್ಲ. ಎರಡು ವರ್ಷದಿಂದ ಮಂಚವನ್ನು ತಿರುಗಿಸಿದೆವು, ತಿರುಗಿಸಬೇಕಾಗಿದ್ದುದು ತಲೆಯನ್ನು. ಮುರಿದ ಮುಂಗೈ ಕೂಡಿದೆ. ಆದರೆ ಅತ್ತೆ ಈಗ ಬಿಂದಿಗೆಯನ್ನು ಆ ಕೈಯಲ್ಲಿ ಎತ್ತಲಾರರು.

ಇಂಥ ಪರೀಕ್ಷೆಗಳಿಗೆ ನಮ್ಮ ಜಿಲ್ಲೆಯವರು ದೂರ ಹೋಗಬೇಕಾಗಿಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ೧೯೬೫ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಶ್ರವಣದೊಡನೆ ಒಳಕಿವಿಯ ಸಮತೋಲದ ಪರೀಕ್ಷೆಯೂ ಸಂಶೋಧನೆಯೂ ನಡೆಯುತ್ತವೆ. ಕಾಲೇಜಿನ ವಿದ್ಯಾರ್ಥಿಗಳು ಅದನ್ನು ತಮ್ಮ ಮನೆಯ ಹಿರಿಯರಿಗೆ ತಿಳಿಸಿದರೆ ಈ ಲೇಖನ ಸಾರ್ಥಕವಾದಂತೆ.

ಒಟ್ಟಿನಲ್ಲಿ, ಕಾಂತಕ್ಷೇತ್ರಕ್ಕೆ ಮನುಷ್ಯನ ಸಮತೋಲವನ್ನು ಅಲುಗಿಸುವ ಶಕ್ತಿಯಿದೆ. ಅದು ಕೆಲಸ ಮಾಡುವುದು ಪ್ರಬಲ ಯಂತ್ರದೊಳಗೆ, ಒಳಕಿವಿಯ ದ್ರವದ ಮೂಲಕ. ರಕ್ತದ ಕಬ್ಬಿಣದ ಮೂಲಕವಲ್ಲ, ಮಲಗುವ ಕೋಣೆಯಲ್ಲಿಯೂ ಅಲ್ಲ. ಒಂದು ಮಾತಿನಲ್ಲಿ ಸ್ವಲ್ಪ ಸತ್ಯವಿದ್ದರೆ ಅದೆಲ್ಲವೂ ಸತ್ಯವೆಂದು ಕೊಳ್ಳುವುದು ಎಷ್ಟು ತಪ್ಪೋ, ಅದರಲ್ಲಿ ಸುಳ್ಳು ಬೆರೆತಿದೆಯೆಂದು ಪೂರ್ತಿಯಾಗಿ ಎಸೆಯುವುದೂ ಅಷ್ಟೇ ತಪ್ಪು. ಎಷ್ಟು, ಎಲ್ಲಿ, ಯಾವುದರಿಂದ ಎಂಬ ಮೂರು ಪ್ರಶ್ನೆಗಳನ್ನು ಕೇಳುವ ಅಭ್ಯಾಸವನ್ನು ನಮ್ಮ ತರಗತಿಗಳು ಕಲಿಸಿದರೆ ಸಾಕು. ಹಾಸಿಗೆ ಮಾರುವವನು ಮುಂದಿನ ಬಾರಿ ಊರಿಗೆ ಬಂದಾಗ ಅವನನ್ನು ಆ ಪ್ರಶ್ನೆಗಳನ್ನು ಕೇಳಲು ಅಲ್ಲೊಬ್ಬ ವಿದ್ಯಾರ್ಥಿ ಇರುತ್ತಾನೆ.